ಸಮಾಜ ವಿಜ್ಞಾನದ ಶಿಕ್ಷಕರಿಗೆ ಪ್ರಶಸ್ತಿ: ಅರ್ಜಿ ಎಡವುವುದು ಎಲ್ಲಿ?

ಅಂಬರನಾಥ, ಕಲ್ಯಾಣ, ಡೊಂಬಿವಲಿ, ಠಾಣೆ ಭಾಗದ ಶಾಲೆಗಳಲ್ಲಿ ಇತಿಹಾಸ, ನಾಗರಿಕ ಶಾಸ್ತ್ರ, ಭೂಗೋಳ ಕಲಿಸುವವರಿಗೆ ಪ್ರಶಸ್ತಿಯ ದಾರಿಗಳು ನಾಲ್ಕು. ಮೊದಲನೆಯದು ಕೇಂದ್ರ ಶಿಕ್ಷಣ ಸಚಿವಾಲಯದ ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿ. ಎರಡನೆಯದು ಮಹಾರಾಷ್ಟ್ರ ಸರ್ಕಾರದ ಕ್ರಾಂತಿಜ್ಯೋತಿ ಸಾವಿತ್ರಿಮಾಯಿ ಫುಲೆ ರಾಜ್ಯ ಶಿಕ್ಷಕ ಗುಣಗೌರವ ಪುರಸ್ಕಾರ. ಮೂರನೆಯದು ಜಿಲ್ಲಾ ಪರಿಷತ್ತು ಮತ್ತು ಸ್ಥಳೀಯ ಸಂಸ್ಥೆಗಳು ತಮ್ಮ ಶಾಲೆಗಳ ಶಿಕ್ಷಕರಿಗೆ ಕೊಡುವ ಆದರ್ಶ ಶಿಕ್ಷಕ ಪುರಸ್ಕಾರ. ನಾಲ್ಕನೆಯದು ಕನ್ನಡ ಸಂಘಗಳು, ಶಿಕ್ಷಣ ಸಂಸ್ಥೆಗಳು, ಸೇವಾ ಸಂಸ್ಥೆಗಳು ತಾವೇ ಏರ್ಪಡಿಸುವ ಸನ್ಮಾನ. ಕರ್ನಾಟಕ ಸರ್ಕಾರದ ರಾಜ್ಯ ಶಿಕ್ಷಕ ಪ್ರಶಸ್ತಿ ಆ ರಾಜ್ಯದ ಶಾಲೆಗಳಿಗೆ ಸೇರಿದ್ದು. ಇಲ್ಲಿನ ಕನ್ನಡ ಮಾಧ್ಯಮದ ಶಾಲೆಗಳು ಮಹಾರಾಷ್ಟ್ರದ ಶಿಕ್ಷಣ ಇಲಾಖೆಯ ಅಡಿಯಲ್ಲಿ, ಆ ರಾಜ್ಯದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿಯ ಕನ್ನಡ ಪಠ್ಯಪುಸ್ತಕಗಳನ್ನು ಬಳಸಿ ನಡೆಯುತ್ತವೆ. ಹಾಗಾಗಿ ಬೆಂಗಳೂರಿಗೆ ಪತ್ರ ಬರೆಯುವುದರಿಂದ ಈ ಶಿಕ್ಷಕರಿಗೆ ಏನೂ ಸಿಗದು.

ಸರ್ಕಾರದ ಈ ಪ್ರಶಸ್ತಿಗಳಲ್ಲಿ ಸಮಾಜ ವಿಜ್ಞಾನಕ್ಕೆಂದು ಬೇರೆ ವಿಭಾಗವಿಲ್ಲ. ಅಮೆರಿಕದಲ್ಲಿ 1921ರಲ್ಲಿ ಹುಟ್ಟಿದ ಸಮಾಜ ಅಧ್ಯಯನದ ರಾಷ್ಟ್ರೀಯ ಮಂಡಳಿಯು ಪ್ರಾಥಮಿಕ, ಮಾಧ್ಯಮಿಕ, ಪ್ರೌಢ ಹಂತದ ಸಮಾಜ ವಿಜ್ಞಾನ ಶಿಕ್ಷಕರನ್ನು ಬೇರೆ ಬೇರೆಯಾಗಿಯೇ ಗೌರವಿಸುತ್ತದೆ. ಇಲ್ಲಿ ಇತಿಹಾಸದ ಶಿಕ್ಷಕಿ ವಿಜ್ಞಾನ ಪ್ರಯೋಗಾಲಯ ಕಟ್ಟಿದವರ ಜೊತೆ, ಗಣಿತದ ವಿಡಿಯೊ ಮಾಡಿದವರ ಜೊತೆ ಒಂದೇ ಸಾಲಿನಲ್ಲಿ ನಿಲ್ಲಬೇಕು. ಆ ಸಾಲಿನಲ್ಲಿ ಅವರ ಕೆಲಸ ಕಣ್ಣಿಗೆ ಬೀಳಬೇಕಾದರೆ ಅರ್ಜಿಯೇ ಅದನ್ನು ತೋರಿಸಿಕೊಡಬೇಕು. ಒಳ್ಳೆಯ ಶಿಕ್ಷಕರ ಹೆಸರು ಪಟ್ಟಿಯಿಂದ ಬಿದ್ದುಹೋಗುವುದು ಕೆಲಸದ ಕೊರತೆಯಿಂದಲ್ಲ, ಬಹುಪಾಲು ಅರ್ಜಿಯ ಕೊರತೆಯಿಂದ.

ಯಾರು ಅರ್ಹರು

ರಾಷ್ಟ್ರೀಯ ಪ್ರಶಸ್ತಿ 1958ರಿಂದ ಇದೆ. 2018ರಲ್ಲಿ ಅದರ ನಿಯಮಗಳು ಬದಲಾದವು. ಅದಕ್ಕೂ ಮುಂಚೆ ಹೆಸರು ಕಳಿಸುತ್ತಿದ್ದುದು ರಾಜ್ಯ ಸರ್ಕಾರ. ಈಗ ಶಿಕ್ಷಕರೇ ಸಚಿವಾಲಯದ ಜಾಲತಾಣದಲ್ಲಿ ನೇರವಾಗಿ ಅರ್ಜಿ ತುಂಬಬೇಕು. ಈ ಬದಲಾವಣೆ ಇನ್ನೂ ಎಷ್ಟೋ ಸಂಘಗಳಿಗೆ ತಲುಪಿಲ್ಲ. ‘ನಮ್ಮ ಸಂಘದ ವತಿಯಿಂದ ಶಿಫಾರಸು ಮಾಡುತ್ತಿದ್ದೇವೆ’ ಎಂದು ಲೆಟರ್‌ಹೆಡ್‌ನಲ್ಲಿ ಬರೆದು ಜಿಲ್ಲಾ ಕಚೇರಿಗೆ ಕೊಟ್ಟ ಪತ್ರ ಅರ್ಜಿಯಾಗುವುದಿಲ್ಲ. ಸಂಘ ಮಾಡಬಹುದಾದ ದೊಡ್ಡ ಉಪಕಾರ ಬೇರೆಯೇ ಇದೆ: ಶಿಕ್ಷಕರನ್ನು ಅರ್ಜಿ ಹಾಕುವಂತೆ ಒಪ್ಪಿಸುವುದು, ದಾಖಲೆ ಜೋಡಿಸಲು ಒಬ್ಬರನ್ನು ಜೊತೆಗೆ ಕೂರಿಸುವುದು. ತಮ್ಮ ಬಗ್ಗೆ ತಾವೇ ಬರೆದುಕೊಳ್ಳಲು ಸಂಕೋಚಪಡುವವರಲ್ಲೇ ಒಳ್ಳೆಯ ಶಿಕ್ಷಕರು ಹೆಚ್ಚು.

ಅರ್ಜಿಗೆ ಕೂರುವ ಮುನ್ನ ಅರ್ಹತೆ ನೋಡಿಕೊಳ್ಳಬೇಕು. ಕನಿಷ್ಠ 10 ವರ್ಷಗಳ ಕಾಯಂ ಸೇವೆ ಇರಬೇಕು. ಗುತ್ತಿಗೆ ಶಿಕ್ಷಕರು, ನಿವೃತ್ತರು, ಶಿಕ್ಷಣಾಧಿಕಾರಿಗಳು ಇದರಲ್ಲಿ ಬರುವುದಿಲ್ಲ. ಖಾಸಗಿ ಟ್ಯೂಷನ್ ಹೇಳುವವರೂ ಅರ್ಹರಲ್ಲ. ಕೋಚಿಂಗ್ ಕ್ಲಾಸುಗಳ ಬೋರ್ಡು ಬೀದಿಬೀದಿಗೂ ಕಾಣುವ ಡೊಂಬಿವಲಿ, ಕಲ್ಯಾಣದಲ್ಲಿ ಈ ಷರತ್ತನ್ನು ಮೊದಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಇನ್ನೊಂದು ಮಾತು. ರಾಜ್ಯ ಮಂಡಳಿಯ ಶಾಲೆಗಳ ಪೈಕಿ ಸರ್ಕಾರಿ, ಸ್ಥಳೀಯ ಸಂಸ್ಥೆಗಳ ಮತ್ತು ಅನುದಾನಿತ ಶಾಲೆಗಳ ಶಿಕ್ಷಕರಿಗೆ ಮಾತ್ರ ರಾಷ್ಟ್ರೀಯ ಪ್ರಶಸ್ತಿಯ ಬಾಗಿಲು ತೆರೆದಿದೆ. ಅನುದಾನರಹಿತ ಶಾಲೆಯಲ್ಲಿ ಕಡಿಮೆ ಸಂಬಳಕ್ಕೆ ವರ್ಷಗಟ್ಟಲೆ ದುಡಿದವರು ಹೊರಗುಳಿಯುತ್ತಾರೆ. ಇದು ನ್ಯಾಯವಲ್ಲ. ಆ ಕೊರತೆಯನ್ನು ತುಂಬಬೇಕಾದದ್ದು ಸಂಘಗಳ ಪ್ರಶಸ್ತಿ.

ಕಡತ ಕಟ್ಟುವ ಬಗೆ

ಅರ್ಜಿಯ ಅವಧಿ ಸಾಮಾನ್ಯವಾಗಿ ಮಳೆಗಾಲದ ಆರಂಭಕ್ಕೆ, ಶಾಲೆಗಳು ಆಗತಾನೇ ತೆರೆದು ಪ್ರವೇಶದ ಗಡಿಬಿಡಿ ಇರುವಾಗಲೇ ಬಂದು ಹೋಗುತ್ತದೆ. ಪ್ರಕಟಣೆ ಬಂದ ಮೇಲೆ ದಾಖಲೆ ಹುಡುಕಲು ಕೂತರೆ ಸಮಯ ಸಾಲದು. ಹಿಂದಿನ ದೀಪಾವಳಿ ರಜೆಯಲ್ಲೇ ಕಡತ ಶುರುವಾಗಬೇಕು. ಸೇವಾ ಪುಸ್ತಕದ ಪ್ರತಿ, ಶಾಲೆಯ 11 ಅಂಕಿಯ ಯುಡೈಸ್ ಸಂಖ್ಯೆ, ವಾರ್ಷಿಕ ಕಾರ್ಯ ಮೌಲ್ಯಮಾಪನದ ವರದಿಗಳು, ತರಬೇತಿಯ ಪ್ರಮಾಣಪತ್ರಗಳು ಮೊದಲ ಭಾಗದಲ್ಲಿ ಸೇರುತ್ತವೆ. ಈ ಭಾಗ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ಹೆಚ್ಚಿನ ಅಂಕ ಇರುವುದು ಶಿಕ್ಷಕರು ನಡೆಸಿದ ಹೊಸ ಪ್ರಯೋಗಗಳಿಗೆ, ಪಠ್ಯೇತರ ಚಟುವಟಿಕೆಗಳಿಗೆ, ಸಮುದಾಯವನ್ನು ಶಾಲೆಯ ಜೊತೆ ಸೇರಿಸಿಕೊಂಡ ಕೆಲಸಕ್ಕೆ.

ಅತಿ ದೊಡ್ಡ ತಪ್ಪು ಕಾಣುವುದು ಇಲ್ಲೇ. ‘ಸರಳ ಸಜ್ಜನರು, ಮಿತಭಾಷಿಗಳು, ಮಕ್ಕಳ ಅಚ್ಚುಮೆಚ್ಚಿನ ಗುರುಗಳು, ಇತಿಹಾಸವನ್ನು ಕಣ್ಣಿಗೆ ಕಟ್ಟುವಂತೆ ಬೋಧಿಸುವವರು’ — ಇಂಥ ಮಾತುಗಳಿಂದ ಪುಟ ತುಂಬಿರುತ್ತದೆ. ಸನ್ಮಾನ ಪತ್ರ ಬರೆಯುವ ರೂಢಿ ಅರ್ಜಿಯೊಳಗೂ ನುಸುಳಿದೆ. ಆಯ್ಕೆ ಸಮಿತಿಯ ಮುಂದಿರುವ ಪ್ರತಿ ಅರ್ಜಿಯಲ್ಲೂ ಈ ವಿಶೇಷಣಗಳೇ ಇರುತ್ತವೆ. ಹಾಗಿರುವಾಗ ಅವುಗಳಿಂದ ಒಬ್ಬ ಶಿಕ್ಷಕರನ್ನು ಇನ್ನೊಬ್ಬರಿಂದ ಬೇರೆ ಮಾಡಿ ನೋಡುವುದು ಹೇಗೆ? ಶಿಕ್ಷಕರು ಒಳ್ಳೆಯವರು ಎಂಬುದು ತೀರ್ಪು. ತೀರ್ಪು ಕೊಡಬೇಕಾದವರು ಸಮಿತಿಯವರು. ಅರ್ಜಿ ಕೊಡಬೇಕಾದದ್ದು ಸಾಕ್ಷ್ಯ.

ಸಾಕ್ಷ್ಯ ಎಂದರೆ ಏನು ಎಂಬುದಕ್ಕೆ ಅಂಬರನಾಥದಲ್ಲೇ ಉದಾಹರಣೆಗಳಿವೆ. ಊರಿನ ಶಿವಾಲಯ ಶಿಲಾಹಾರರ ಕಾಲದ್ದು. ಅಲ್ಲಿನ ಶಾಸನದಲ್ಲಿ ಶಕ 982, ಅಂದರೆ ಕ್ರಿ.ಶ. 1060 ಎಂದಿದೆ. ‘ಮಕ್ಕಳನ್ನು ಪ್ರಾಚೀನ ದೇವಾಲಯಕ್ಕೆ ಕರೆದೊಯ್ದು ಇತಿಹಾಸ ಪ್ರಜ್ಞೆ ಮೂಡಿಸಿದರು’ ಎಂದು ಬರೆದರೆ ಅದು ಪ್ರವಾಸದ ವರದಿಯಾಯಿತು, ಅಷ್ಟೆ. ಶಕ ವರ್ಷಕ್ಕೆ 78 ಕೂಡಿಸಿ ಕ್ರಿಸ್ತಶಕ ಕಂಡುಹಿಡಿಯುವುದನ್ನು ಏಳನೆಯ ತರಗತಿಯವರು ಅಲ್ಲೇ ಕಲಿತರು, ಗೋಡೆಯ ಶಿಲ್ಪಗಳ ನಕ್ಷೆ ಬಿಡಿಸಿದರು, ಶಿಲಾಹಾರರು ರಾಷ್ಟ್ರಕೂಟರ ಸಾಮಂತರಾಗಿದ್ದ ಕಾಲದ ಕಾನ್ಹೇರಿ ಶಾಸನಗಳಲ್ಲಿ ಅಮೋಘವರ್ಷನ ಹೆಸರು ಬರುವುದನ್ನು ಹುಡುಕಿ ತರಗತಿಯಲ್ಲಿ ಓದಿದರು ಎಂದು ಬರೆದು, ಜೊತೆಗೆ ಒಂದು ಮಗುವಿನ ನೋಟ್‌ಬುಕ್ಕಿನ ಎರಡು ಪುಟ ಲಗತ್ತಿಸಿದರೆ ಅದು ಸಾಕ್ಷ್ಯ. ಶಿಕ್ಷಕರ ಹೆಸರಿಗೆ ಒಂದೂ ವಿಶೇಷಣ ಸೇರಿಸದೆ ಅವರ ಶಕ್ತಿ ಅಲ್ಲಿ ಕಾಣುತ್ತದೆ.

ಭೂಗೋಳದಲ್ಲೂ ಹಾಗೆಯೇ. ದೇವಾಲಯದ ಪಕ್ಕದಲ್ಲೇ ಹರಿಯುವ ವಾಲಧುನಿ ನದಿ ಮುಂದೆ ಉಲ್ಹಾಸನಗರದ ಕಡೆಗೆ ಸಾಗುವಾಗ ಕಾರ್ಖಾನೆಗಳ ಕೊಳೆ ಹೊತ್ತು ಬಣ್ಣ ಬದಲಿಸುತ್ತದೆ. ಬೇಸಿಗೆ ಮತ್ತು ಮಳೆಗಾಲದಲ್ಲಿ ಒಂದೇ ಜಾಗದಲ್ಲಿ ನಿಂತು ಮಕ್ಕಳು ನೀರು ನೋಡಿ ಬರೆದ ದಾಖಲೆ, ಅದನ್ನು ಅವರು ನಗರ ಪರಿಷತ್ತಿಗೆ ಕೊಟ್ಟ ಮನವಿಯ ಸ್ವೀಕೃತಿ ಪ್ರತಿ, ಇವೆರಡೂ ಒಟ್ಟಿಗೆ ಇದ್ದರೆ ಭೂಗೋಳ ಮತ್ತು ನಾಗರಿಕ ಶಾಸ್ತ್ರ ಎರಡೂ ಅರ್ಜಿಯಲ್ಲಿ ಬಂದಂತಾಯಿತು. ದೇಶ ವಿಭಜನೆಯ ನಂತರ ಸಿಂಧಿ ನಿರಾಶ್ರಿತರು ನೆಲೆಸಿದ ಕಲ್ಯಾಣ ಕ್ಯಾಂಪ್ ಉಲ್ಹಾಸನಗರವಾಗಿ ಬೆಳೆದ ಕಥೆಯನ್ನು ಹಿರಿಯರ ಬಾಯಿಂದ ಕೇಳಿ ಬರೆಸಿದ ಪುಸ್ತಕ, 1853ರಲ್ಲಿ ಠಾಣೆಗೆ ಬಂದ ರೈಲು ಮರುವರ್ಷ ಕಲ್ಯಾಣಕ್ಕೆ ತಲುಪಿದ್ದರಿಂದ ಊರಿನ ರೂಪ ಹೇಗೆ ಬದಲಾಯಿತೆಂದು ಮಕ್ಕಳು ಮಾಡಿದ ಭಿತ್ತಿಪತ್ರ, ಇಂಥವೂ ಲೆಕ್ಕಕ್ಕೆ ಬರುತ್ತವೆ.

ಪ್ರತಿ ಚಟುವಟಿಕೆಗೂ ಮೂರು ಸಂಗತಿ ಇರಲೇಬೇಕು: ಮೊದಲು ಮಕ್ಕಳಿಗೆ ಏನು ಗೊತ್ತಿರಲಿಲ್ಲ, ಶಿಕ್ಷಕರು ಏನು ಮಾಡಿದರು, ಆಮೇಲೆ ಮಕ್ಕಳು ತಾವಾಗಿ ಏನು ಮಾಡಬಲ್ಲವರಾದರು. ಮೂರನೆಯದನ್ನು ಬಹುತೇಕ ಎಲ್ಲರೂ ಬಿಟ್ಟುಬಿಡುತ್ತಾರೆ. ಅದರ ಬದಲಿಗೆ ಹತ್ತನೆಯ ತರಗತಿಯ ಶೇಕಡಾ ನೂರು ಫಲಿತಾಂಶವನ್ನು ದಪ್ಪ ಅಕ್ಷರದಲ್ಲಿ ಹಾಕುತ್ತಾರೆ. ಫಲಿತಾಂಶ ಶಾಲೆಗೆ ಹೆಮ್ಮೆಯ ವಿಷಯವೇ. ಆದರೆ ಸಮಾಜ ವಿಜ್ಞಾನದಲ್ಲಿ ಪ್ರಶ್ನೋತ್ತರ ಬಾಯಿಪಾಠ ಮಾಡಿಸಿಯೂ ಅದನ್ನು ತರಬಹುದು ಎಂಬುದು ಸಮಿತಿಯಲ್ಲಿ ಕೂತವರಿಗೆ ಚೆನ್ನಾಗಿ ಗೊತ್ತು. ಹಿಂದೆ ಬಂದ ಶಾಲು, ಫಲಕಗಳ ಪಟ್ಟಿಯೂ ಅಷ್ಟೇ. ಎಂಟು ಸನ್ಮಾನಗಳ ಫೋಟೊಗಿಂತ ಒಂದು ಮಗುವಿನ ಕೈಬರಹ ಹೆಚ್ಚು ಹೇಳುತ್ತದೆ. ಮಕ್ಕಳ ಫೋಟೊ, ವಿಡಿಯೊ ಸೇರಿಸುವುದಾದರೆ ಪಾಲಕರ ಒಪ್ಪಿಗೆ ಪತ್ರ ಪಡೆದಿರಬೇಕು.

ಕನ್ನಡ ಮಾಧ್ಯಮದವರು ಇನ್ನೊಂದು ಕಡೆ ಎಡವುತ್ತಾರೆ. ಮಕ್ಕಳ ಬರಹವೆಲ್ಲ ಕನ್ನಡದಲ್ಲಿರುತ್ತದೆ, ಠಾಣೆ ಜಿಲ್ಲೆಯ ಸಮಿತಿಗೆ ಕನ್ನಡ ಓದಲು ಬರಬೇಕೆಂದಿಲ್ಲ. ಓದಲಾಗದ ಪುಟವನ್ನು ಯಾರೂ ಅಳೆಯಲಾರರು. ಪ್ರತಿ ಕನ್ನಡ ದಾಖಲೆಗೂ ಅರ್ಧ ಪುಟದ ಮರಾಠಿ ಸಾರಾಂಶ ಇರಲಿ. ರಾಷ್ಟ್ರೀಯ ಪ್ರಶಸ್ತಿಗಾದರೆ ಹಿಂದಿ ಅಥವಾ ಇಂಗ್ಲಿಷಿನಲ್ಲೂ ಇರಲಿ. ಮೂಲ ಬರಹವನ್ನು ಮಾತ್ರ ತೆಗೆಯಬಾರದು. ಎರಡು ಭಾಷೆಗಳ ನಡುವೆ ಬೆಳೆಯುವ ಮಕ್ಕಳಿಗೆ ನಾಡಿನ ಇತಿಹಾಸ ಕಲಿಸುವುದೇ ಒಂದು ಸಾಧನೆ, ಅದನ್ನೂ ಒಂದು ವಾಕ್ಯದಲ್ಲಿ ಹೇಳಬೇಕು.

ಸಲ್ಲಿಕೆಯ ನಂತರ

ರಾಷ್ಟ್ರೀಯ ಪ್ರಶಸ್ತಿಯ ಅರ್ಜಿಯನ್ನು ಮೊದಲು ನೋಡುವುದು ಜಿಲ್ಲಾ ಆಯ್ಕೆ ಸಮಿತಿ. ಅಲ್ಲಿಂದ ಆಯ್ದ ಹೆಸರುಗಳು ರಾಜ್ಯ ಸಮಿತಿಗೆ, ರಾಜ್ಯದಿಂದ ದೆಹಲಿಯ ಸ್ವತಂತ್ರ ತೀರ್ಪುಗಾರರ ಮಂಡಳಿಗೆ ಹೋಗುತ್ತವೆ. ಶಿಕ್ಷಕರ ಮೇಲೆ ಇಲಾಖಾ ವಿಚಾರಣೆ ಅಥವಾ ದಂಡನೆ ಇಲ್ಲವೆಂಬ ದೃಢೀಕರಣವೂ ಅರ್ಜಿ ದೆಹಲಿಗೆ ಹೋಗುವ ಮುನ್ನವೇ ಆಗುತ್ತದೆ. ತೀರ್ಪುಗಾರರ ಮುಂದೆ ಶಿಕ್ಷಕರೇ ತಮ್ಮ ಕೆಲಸವನ್ನು ವಿವರಿಸಬೇಕು. ಹಾಗಾಗಿ ಅರ್ಜಿಯಲ್ಲಿ ಬೇರೆಯವರು ಬರೆದುಕೊಟ್ಟ ಅಲಂಕಾರದ ವಾಕ್ಯ ಇದ್ದರೆ ಅಲ್ಲಿ ಅದು ಉಪಯೋಗಕ್ಕೆ ಬರುವುದಿಲ್ಲ. ಆಯ್ಕೆಯಾದವರಿಗೆ ಸೆಪ್ಟೆಂಬರ್ 5ರಂದು ಪ್ರಶಸ್ತಿ ಪತ್ರ, ಬೆಳ್ಳಿ ಪದಕ ಮತ್ತು 50,000 ರೂಪಾಯಿ ಸಿಗುತ್ತದೆ. ರಾಜ್ಯ ಪುರಸ್ಕಾರದ ಷರತ್ತುಗಳನ್ನು ಆಯಾ ವರ್ಷದ ಸರ್ಕಾರಿ ಆದೇಶ ನೋಡಿ ತಿಳಿಯಬೇಕು. ಪ್ರಾಥಮಿಕ ಶಾಲೆಯವರು ತಮ್ಮ ಊರಿಗೆ ಸಂಬಂಧಿಸಿದ ಪ್ರಾಥಮಿಕ ಶಿಕ್ಷಣ ಕಚೇರಿಯಲ್ಲಿ, ಮಾಧ್ಯಮಿಕ ಶಾಲೆಯವರು ಠಾಣೆ ಜಿಲ್ಲಾ ಪರಿಷತ್ತಿನ ಮಾಧ್ಯಮಿಕ ಶಿಕ್ಷಣಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಬೇಕು.

ಸಂಘಗಳು ಮಾಡಬೇಕಾದದ್ದು

ಸಮಾಜ ವಿಜ್ಞಾನಕ್ಕೆಂದೇ ಒಂದು ಪ್ರಶಸ್ತಿ ಬೇಕೆಂದರೆ ಅದನ್ನು ಇಲ್ಲಿನ ಕನ್ನಡ ಸಂಘಗಳೇ ಆರಂಭಿಸಬೇಕು. ಖರ್ಚು ದೊಡ್ಡದಲ್ಲ. ಮೂವರ ಸಮಿತಿ ಸಾಕು. ಅದರಲ್ಲಿ ಇಬ್ಬರು ಸಂಘದ ಹೊರಗಿನವರು, ಒಬ್ಬರು ಕಲಿಸಿದ ಅನುಭವ ಇದ್ದವರು ಆಗಿರಬೇಕು. ಪದಾಧಿಕಾರಿಗಳ ಬಂಧುಗಳು, ದೇಣಿಗೆ ಕೊಟ್ಟವರ ಶಾಲೆಯ ಶಿಕ್ಷಕರು ಸ್ಪರ್ಧೆಯಲ್ಲಿದ್ದರೆ ಸಂಬಂಧಪಟ್ಟ ಸದಸ್ಯರು ಆ ವರ್ಷ ಹೊರಗೆ ನಿಲ್ಲಬೇಕು. ನಿಯಮಗಳನ್ನು ಒಂದು ಪುಟದಲ್ಲಿ ಬರೆದು ಶಾಲೆಗಳಿಗೆ ಮೊದಲೇ ಕಳಿಸಬೇಕು. ಕನ್ನಡ ಮಾಧ್ಯಮದವರ ಜೊತೆಗೆ ಇಂಗ್ಲಿಷ್, ಮರಾಠಿ ಶಾಲೆಗಳಲ್ಲಿ ಕಲಿಸುವ ಕನ್ನಡಿಗರು, ಅನುದಾನರಹಿತ ಶಾಲೆಯವರು, ಗುತ್ತಿಗೆಯವರು ಎಲ್ಲರೂ ಅರ್ಹರಾಗಿರಲಿ. ಸಮಿತಿಯವರು ಒಂದು ಪಾಠವನ್ನಾದರೂ ತರಗತಿಯಲ್ಲಿ ಕೂತು ನೋಡಬೇಕು. ಸರ್ಕಾರದ ಸಮಿತಿಗೆ ಇಷ್ಟು ಹತ್ತಿರದಿಂದ ನೋಡುವುದು ಕಷ್ಟ, ಸಂಘಕ್ಕೆ ಸುಲಭ. ಶಾಲು, ಹಣ್ಣಿನ ಬುಟ್ಟಿ, ದೊಡ್ಡ ಫಲಕಕ್ಕೆ ಹಾಕುವ ಹಣವನ್ನು ಶಾಲೆಗೆ ಗೋಡೆ ನಕ್ಷೆ, ಭೂಗೋಳದ ಮಾದರಿ, ಒಂದು ವಸ್ತುಸಂಗ್ರಹಾಲಯದ ಭೇಟಿಯ ವೆಚ್ಚಕ್ಕೆ ಕೊಟ್ಟರೆ ಶಿಕ್ಷಕರ ಕೆಲಸ ಮುಂದುವರಿಯುತ್ತದೆ.

ಶಿಕ್ಷಕರ ದಿನವಾದ ಸೆಪ್ಟೆಂಬರ್ 5ರಂದು ಎಲ್ಲೆಡೆ ಸಮಾರಂಭ. ಅದರ ಬದಲು ಸಂಘದ ಈ ಪ್ರಶಸ್ತಿಗೆ ಸಂವಿಧಾನ ಅಂಗೀಕಾರವಾದ ನವೆಂಬರ್ 26 ಹೆಚ್ಚು ಒಪ್ಪುತ್ತದೆ. ಸಾವಿತ್ರಿಬಾಯಿ ಫುಲೆ ಹುಟ್ಟಿದ ಜನವರಿ 3 ಕೂಡ ಆಗಬಹುದು.

ಸಮಾಜ ವಿಜ್ಞಾನದ ಕಲಿಕೆಗೆ ಶಾಲೆಯ ಹೊರಗಿನಿಂದ ನೆರವಾಗುವವರನ್ನು ಗೌರವಿಸಲು ಇನ್ನೊಂದು ಪ್ರಶಸ್ತಿ ಇರಲಿ. ಮಕ್ಕಳಿಗೆ ಹಳಿ, ಸಿಗ್ನಲ್, ಊರಿನ ಬೆಳವಣಿಗೆ ವಿವರಿಸುವ ನಿವೃತ್ತ ರೈಲ್ವೆ ನೌಕರರು, ಮನೆ ತೆರಿಗೆಯ ಬಿಲ್ ಹೇಗೆ ತಯಾರಾಗುತ್ತದೆಂದು ತೋರಿಸಿಕೊಡುವ ನಗರ ಪರಿಷತ್ತಿನ ಗುಮಾಸ್ತರು, ಹಳೆಯ ಪತ್ರಿಕೆಗಳನ್ನು ಶಾಲೆಗೆ ತೆರೆದಿಡುವ ಗ್ರಂಥಪಾಲಕರು, ಕಾರ್ಖಾನೆಯ ದಿನಗಳನ್ನು ಹೇಳುವ ಆರ್ಡ್‌ನೆನ್ಸ್ ಫ್ಯಾಕ್ಟರಿಯ ಹಿರಿಯರು ಇಂಥವರು. ದೊಡ್ಡ ದೇಣಿಗೆಯೊಂದೇ ಅರ್ಹತೆಯಾಗಬಾರದು; ಕನಿಷ್ಠ ಎರಡು ವರ್ಷ ಮಕ್ಕಳ ಜೊತೆ ಬಂದು ಕೆಲಸ ಮಾಡಿರಬೇಕು. ಹೆಸರನ್ನು ಶಿಕ್ಷಕರೇ ಸೂಚಿಸಲಿ, ಕಾರಣವನ್ನು ಮಕ್ಕಳು ಒಂದು ಪುಟದಲ್ಲಿ ಬರೆಯಲಿ. ಮುಂದಿನ ಶೈಕ್ಷಣಿಕ ವರ್ಷಕ್ಕೆ ಇದನ್ನು ಆರಂಭಿಸಬೇಕೆನ್ನುವ ಸಂಘಗಳು ನಿಯಮದ ಪುಟವನ್ನು ಈ ದೀಪಾವಳಿಯೊಳಗೆ ಸಿದ್ಧಪಡಿಸಿ, ಜೂನ್‌ನಲ್ಲಿ ಶಾಲೆ ತೆರೆಯುವ ವಾರವೇ ಮುಖ್ಯೋಪಾಧ್ಯಾಯರ ಕೈಗೆ ತಲುಪಿಸಬೇಕು.