ಕೂಸಿನ ಮೊದಲ ಈಜುಕೊಳ

ಮ್ಯೂನಿಕ್‌ನ ಪಕ್ಕದ ಮನೆಯಾಕೆ ತನ್ನ ಮಗುವನ್ನು ವಾರವಾರವೂ ಈಜುಕೊಳಕ್ಕೆ ಕರೆದೊಯ್ಯುತ್ತಾಳೆ, ನಾವೂ ಹೋಗಬಹುದಾ ದೊಡ್ಡಮ್ಮ ಅಂತ ಕೇಳಿದೆಯಲ್ಲ, ಧಾರಾಳವಾಗಿ ಹೋಗು. ಕತ್ತು ನಿಂತಿದೆ, ಜ್ವರ ನೆಗಡಿ ಇಲ್ಲ, ಹೆದರುವಂಥದ್ದೇನೂ ಇಲ್ಲ. ಈಜು ಕಲಿಸುವ ಆತುರ ಮಾತ್ರ ಬೇಡ. ವರ್ಷ ತುಂಬದ ಮಕ್ಕಳನ್ನು ಈಜಿನ ತರಗತಿಗೆ ಹಾಕಿದರೆ ಮುಳುಗುವ ಅಪಾಯ ತಗ್ಗುತ್ತದೆ ಎನ್ನಲು ಆಧಾರವಿಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘವೇ ಹೇಳಿದೆ. ನಿನ್ನ ಎದೆಗೊರಗಿ ಒಂದಿಷ್ಟು ನೀರಾಟ ಆಡಿಕೊಂಡು ಬರಲಿ, ಸಾಕು.

ಹೊರಡುವ ಮೊದಲು ನೀರಿನ ಬಿಸಿ ಎಷ್ಟಿದೆ ಅಂತ ಕೇಳಿಕೊ. ಅಲ್ಲಿನ ಒಳಾಂಗಣ ಕೊಳಗಳಲ್ಲಿ ದೊಡ್ಡವರು ಈಜುವ ನೀರು ಸಾಮಾನ್ಯವಾಗಿ 28 ಡಿಗ್ರಿಯ ಆಸುಪಾಸು. ಹುಟ್ಟಿದಾಗಿನಿಂದ ಬಿಸಿಬಿಸಿ ನೀರಲ್ಲೇ ಎರೆಸಿಕೊಂಡ ನಮ್ಮ ಕೂಸುಗಳಿಗೆ ಅದು ತಣ್ಣೀರೇ ಸರಿ. ಮಕ್ಕಳ ಮೈಯಿಂದ ಶಾಖ ನಮಗಿಂತ ಬೇಗ ಸೋರಿಹೋಗುತ್ತದೆ, 32 ಡಿಗ್ರಿಯಾದರೂ ಬೇಕು. ಬಹಳ ಕಡೆ ಮಕ್ಕಳಿಗೆಂದೇ ಪುಟ್ಟ ಕೊಳ ಇರುತ್ತದೆ. ಕೆಲವು ಕಡೆ ವಾರದಲ್ಲೊಂದು ದಿನ ನೀರನ್ನು ಹೆಚ್ಚು ಕಾಯಿಸಿ ‘ವಾರ್ಮ್‌ಬಾಡೆಟಾಗ್’ ಅಂತ ಬೋರ್ಡು ಹಾಕುತ್ತಾರೆ. ಅವತ್ತೇ ಹೋಗು. ಕೀಲುನೋವಿನ ಅಜ್ಜಿಯಂದಿರೂ ಅವತ್ತೇ ಬರುತ್ತಾರೆ, ಮಗುವಿನ ಜೊತೆ ನಾಲ್ಕು ಮಾತಾಡುತ್ತಾರೆ, ನಿನಗೂ ಜರ್ಮನ್ ರೂಢಿಯಾಗುತ್ತದೆ. ಮೊದಲ ಸಲ ಹತ್ತು ನಿಮಿಷ ಸಾಕು. ಆಮೇಲೆ ಎಷ್ಟೇ ಖುಷಿಯಲ್ಲಿದ್ದರೂ ಅರ್ಧ ಗಂಟೆ ದಾಟಿಸಬೇಡ. ಟಿಕೆಟ್ಟಿನ ದುಡ್ಡು ವಸೂಲಾಗಲಿ ಅಂತ ಕೂರುವುದು ನಮ್ಮವರ ಚಾಳಿ! ತುಟಿ ನೀಲಿಯಾಗುವವರೆಗೂ ಕಾಯಬಾರದು. ಕೈಕಾಲು ಬಡಿಯುತ್ತಿದ್ದ ಮಗು ಸುಮ್ಮನಾಯಿತೋ, ಎದ್ದುಬಿಡು.

ಅವತ್ತು ಬೆಳಿಗ್ಗೆ ಎಣ್ಣೆ ನೀವುವುದು ಬೇಡ. ನಿಮ್ಮ ಅತ್ತೆಯವರು ಫೋನಿನಲ್ಲಿ ಏನಾದರೂ ಅಂದರೆ ನಾನು ಹೇಳಿದೆ ಅನ್ನು. ಎಣ್ಣೆಮೈಯ ಕೂಸು ನೀರಲ್ಲಿ ಕೈಯಿಂದ ಜಾರುತ್ತದೆ. ಬೆಳ್ಳಿ ಬಳೆ, ಉಡಿದಾರ ಬಿಚ್ಚಿಟ್ಟು ಹೋಗು, ಕ್ಲೋರಿನ್ ತಗುಲಿದರೆ ಬೆಳ್ಳಿ ಮಂಕಾಗುತ್ತದೆ.

ನಿನಗೆ ಸಂಕೋಚವಾಗುವುದು ಶವರಿನ ಹತ್ತಿರ. ನೀರಿಗಿಳಿಯುವ ಮೊದಲು ಬಟ್ಟೆ ಪೂರ್ತಿ ಕಳಚಿ, ಸೋಪು ಹಚ್ಚಿ ಸ್ನಾನ ಮಾಡಬೇಕು. ಹೆಂಗಸರ ಶವರಿನಲ್ಲಿ ಎಲ್ಲರೂ ಹಾಗೇ ನಿಂತಿರುತ್ತಾರೆ, ಯಾರೂ ಯಾರನ್ನೂ ದಿಟ್ಟಿಸುವುದಿಲ್ಲ. ಆ ದೇಶದ ಕೊಳಗಳಲ್ಲಿ ಸಾಮಾನ್ಯವಾಗಿ ಲೀಟರಿಗೆ 0.3ರಿಂದ 0.6 ಮಿಲಿಗ್ರಾಂ ಕ್ಲೋರಿನ್ ಮಾತ್ರ ಇಡುತ್ತಾರೆ. ಬಂದವರ ಮೈ ಶುಚಿಯಾಗಿದ್ದರಷ್ಟೇ ಅಷ್ಟರಲ್ಲಿ ನಿಭಾಯಿಸಬಹುದು. ಕಣ್ಣುರಿಸುವ ಆ ಪೂಲಿನ ವಾಸನೆ ಬರೀ ಕ್ಲೋರಿನ್ನಿನದಲ್ಲ, ಅದು ಬೆವರು, ಮೂತ್ರದ ಜೊತೆ ಕೂಡಿದಾಗ ಹುಟ್ಟುವಂಥದ್ದು. ನಿಮ್ಮೂರಿನ ಇಸಾರ್ ನದಿ ದಂಡೆಯ ಮ್ಯುಲ್ಲರ್ ಸ್ನಾನಗೃಹವನ್ನು ನೋಡಿದ್ದೀಯಾ? 1901ರಲ್ಲಿ ತೆರೆದದ್ದು. ಕಾರ್ಲ್ ಮ್ಯುಲ್ಲರ್ ಎಂಬ ಎಂಜಿನಿಯರು ಮನೆಯಲ್ಲಿ ಬಚ್ಚಲಿಲ್ಲದ ಬಡವರಿಗಾಗಲಿ ಅಂತ ನಗರಕ್ಕೆ ಆಸ್ತಿ ಕೊಟ್ಟು ಕಟ್ಟಿಸಿದ. ಮೈ ತೊಳೆಯುವುದೇ ಅಲ್ಲಿ ಮೊದಲ ಕೆಲಸವಾಗಿತ್ತು, ಈಜು ಆಮೇಲಿನ ಮಾತು.

ಮಾಮೂಲಿ ಡಯಾಪರ್ ನೀರು ಕುಡಿದು ದಿಂಬಿನಂತೆ ಉಬ್ಬಿಕೊಳ್ಳುತ್ತದೆ. ಈಜಿಗೆ ಬೇರೆಯೇ ಡಯಾಪರ್ ಇದೆ, ಡಿಎಂ, ರಾಸ್‌ಮನ್ ಅಂಗಡಿಗಳಲ್ಲಿ ಸಿಗುತ್ತದೆ. ಅದು ಕಕ್ಕ ತಡೆಯುತ್ತದೆ, ಉಚ್ಚೆ ತಡೆಯುವುದಿಲ್ಲ. ಮನೆಯಿಂದಲೇ ಹಾಕಿಕೊಂಡು ಹೊರಟರೆ ಟ್ರಾಮಿನಲ್ಲಿ ನಿನ್ನ ಮಡಿಲು ಒದ್ದೆ. ಮಗುವಿಗೆ ಭೇದಿಯಾಗಿದ್ದರೆ ಆಸೆ ಬಿಡು, ನಿಂತ ಮೇಲೂ ಎರಡು ವಾರ ಹೋಗಬೇಡ. ಕ್ರಿಪ್ಟೊಸ್ಪೊರಿಡಿಯಂ ಎಂಬ ಕ್ರಿಮಿ ಕ್ಲೋರಿನ್ನಿಗೂ ಜಗ್ಗುವುದಿಲ್ಲ, ಇನ್ನೊಬ್ಬರ ಮಕ್ಕಳಿಗೆ ಅಂಟುತ್ತದೆ.

ಕುತ್ತಿಗೆಗೆ ಹಾಕುವ ಗಾಳಿಬಳೆ ಕೊಳ್ಳಬೇಡ. ಅದರ ಬಗ್ಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2022ರಲ್ಲೇ ಎಚ್ಚರಿಕೆ ಕೊಟ್ಟಿದೆ. ಕೂಸಿಗೆ ನಿನ್ನ ಎರಡು ಕೈಗಳೇ ಆಸರೆ. ವಿಡಿಯೊಗಾಗಿ ಮಗುವನ್ನು ನೀರಲ್ಲಿ ಮುಳುಗಿಸುವ ಚಪಲವೂ ಬೇಡ. ಹೇಗೂ ಬಹುತೇಕ ಕೊಳಗಳಲ್ಲಿ ಫೋಟೊ ತೆಗೆಯಲು ಬಿಡುವುದಿಲ್ಲ.

ಹೊಟ್ಟೆ ತುಂಬ ಹಾಲು ಕುಡಿಸಿ ತಕ್ಷಣ ನೀರಿಗಿಳಿಸಬೇಡ, ಕಕ್ಕುತ್ತದೆ. ಮೇಲೆ ಬಂದಾಗ ಹಸಿದಿರುತ್ತದೆ, ಆಗ ಕುಡಿಸು. ಚಳಿಗಾಲವಾದರೆ ತಲೆ ಚೆನ್ನಾಗಿ ಒಣಗಿಸಿ, ಟೋಪಿ ಹಾಕಿ, ಒಳಗೇ ಸ್ವಲ್ಪ ಹೊತ್ತು ಕೂತು ಹೊರಡು. ಬಟ್ಟೆ ಬದಲಿಸುವ ಮೇಜಿನ ಮೇಲೆ ಮಲಗಿಸಿ ಚೀಲ ತಡಕಾಡಬಾರದು, ಬೇಕಾದದ್ದೆಲ್ಲ ಮೊದಲೇ ತೆಗೆದಿಟ್ಟುಕೊ. ಚೂಡಿದಾರದಲ್ಲಿ ನೀರಿಗೆ ಬಿಡುವುದಿಲ್ಲ. ಮೈತುಂಬ ಬೇಕಾದರೆ ಈಜುಬಟ್ಟೆಯಲ್ಲೇ ಉದ್ದತೋಳಿನದು ಸಿಗುತ್ತದೆ. ಅಳಿಯಂದಿರ ದೊಗಳೆ ಚಡ್ಡಿ ಜರ್ಮನಿಯಲ್ಲಿ ನಡೆಯುತ್ತದೆ, ಫ್ರಾನ್ಸಿಗೆ ಹೋದರೆ ಹೆಚ್ಚಿನ ಕಡೆ ಬಾಗಿಲಲ್ಲೇ ತಡೆಯುತ್ತಾರೆ.

ಇನ್ನೊಂದು ಮಾತು. ಎಷ್ಟೋ ಈಜುಕೊಳಗಳ ಕಟ್ಟಡದಲ್ಲೇ ಸೌನಾ ಇರುತ್ತದೆ, ಅದರೊಳಗೆ ಗಂಡಸರು ಹೆಂಗಸರು ಒಟ್ಟಿಗೆ, ಮೈಮೇಲೆ ನೂಲಿಲ್ಲದೆ ಕೂತಿರುತ್ತಾರೆ. ಬೇಸಿಗೆಗೆ ನಿಮ್ಮ ಮಾವನವರು ಬಂದಾಗ ಮೊಮ್ಮಗುವಿನ ಆಟ ನೋಡಲು ಕರೆದೊಯ್ದರೆ, ಆ ಕಡೆಯ ಬಾಗಿಲು ಯಾವುದೆಂದು ಮೊದಲೇ ತೋರಿಸಿಬಿಡು.