ಹಾರಿದ ಗಂಟೆಯೂ ಜಮಾ ಆಗುವ ಗಂಟೆಯೂ

ನಮ್ಮ ವಾಚನಾಲಯಕ್ಕೆ ಬರುವ ತರುಣ ತರುಣಿಯರಲ್ಲಿ ಅಮೆರಿಕಕ್ಕೆ ಹೋಗಿ ವಿಮಾನ ನಡೆಸಲು ಕಲಿಯಬೇಕೆಂಬ ಹಂಬಲವುಳ್ಳವರು ಕೆಲವರಿದ್ದಾರೆ. ಅವರು ಕೇಳುವ ಪ್ರಶ್ನೆಗಳಲ್ಲಿ ಒಂದು ಇದು: “ಒಂದು ಕಡೆ ಈಗಾಗಲೇ ಹಾರಿರುವ ಗಂಟೆಗಳು ಇನ್ನೊಂದು ಶಾಲೆಯಲ್ಲಿ ಜಮಾ ಆಗುತ್ತವೆಯೇ?” ಒಂದೊಂದು ಗಂಟೆಯ ಹಾರಾಟಕ್ಕೂ ನೂರಾರು ಡಾಲರು ಬೀಳುತ್ತದೆ. ಹೊಲ ಮನೆ ಅಡವಿಟ್ಟು ಮಕ್ಕಳನ್ನು ಕಳುಹಿಸುವ ತಂದೆತಾಯಿಗಳಿದ್ದಾರೆ. ಆದುದರಿಂದ ಹಣ ಕಟ್ಟುವ ಮುಂಚೆಯೇ ಈ ಲೆಕ್ಕವನ್ನು ತಿಳಿದಿರುವುದು ಲೇಸು. ನಾನು ವಿಮಾನ ನಡೆಸಿದವನಲ್ಲ, ಗಿರಣಿಯಲ್ಲಿ ಹಾಜರಿ ಪುಸ್ತಕ ಬರೆಯುವ ಗುಮಾಸ್ತ. ಆದರೆ ನಿಯಮಗಳನ್ನು ಓದಿ ನೋಡಿದಾಗ ಇದು ಬಹುಮಟ್ಟಿಗೆ ಪುಸ್ತಕದ ಲೆಕ್ಕವೇ ಎಂದು ಕಂಡಿತು.

ಅಮೆರಿಕದಲ್ಲಿ ಈ ವಿದ್ಯೆಗೆ ಎರಡು ದಾರಿಗಳಿವೆ. ಅಲ್ಲಿನ ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್ ಎಂಬ ಸರಕಾರಿ ಇಲಾಖೆಯ ನಿಯಮಾವಳಿಯಲ್ಲಿ 61ನೆಯ ಭಾಗದಂತೆ, ಅರ್ಹತೆಯುಳ್ಳ ಬೋಧಕರೊಬ್ಬರ ಬಳಿ ಅನುಕೂಲವಾದಾಗ ಕಲಿಯಬಹುದು. 141ನೆಯ ಭಾಗದ ಶಾಲೆಗಳಲ್ಲಿ ಹಾಗಿಲ್ಲ. ಅವುಗಳ ಪಾಠಕ್ರಮವನ್ನು ಇಲಾಖೆ ಮೊದಲೇ ಪರಿಶೀಲಿಸಿ ಒಪ್ಪಿರುತ್ತದೆ; ಪಾಠಗಳು ಕ್ರಮ ತಪ್ಪದೆ ಸಾಗಬೇಕು, ಘಟ್ಟಘಟ್ಟಕ್ಕೂ ಪರೀಕ್ಷೆ. ಈ ಕಟ್ಟುಪಾಡಿಗೆ ಪ್ರತಿಯಾಗಿ ಗಂಟೆಗಳಲ್ಲಿ ರಿಯಾಯಿತಿಯುಂಟು. ಖಾಸಗಿ ಪೈಲಟ್ ಲೈಸೆನ್ಸಿಗೆ ಮೊದಲ ದಾರಿಯಲ್ಲಿ ಕನಿಷ್ಠ 40 ಗಂಟೆ, ಎರಡನೆಯದರಲ್ಲಿ 35. ವಾಣಿಜ್ಯ ಲೈಸೆನ್ಸಿಗೆ ಮೊದಲ ದಾರಿಯಲ್ಲಿ ಒಟ್ಟು 250 ಗಂಟೆ. ಎರಡನೆಯದರಲ್ಲಿ ಖಾಸಗಿ ಪಾಠ 35, ಉಪಕರಣಗಳನ್ನೇ ನೋಡಿ ಮೋಡದಲ್ಲಿ ಹಾರುವ ಪಾಠ 35, ವಾಣಿಜ್ಯ ಪಾಠ 120, ಕೂಡಿ 190. ವಿದ್ಯಾರ್ಥಿ ವೀಸಾ ಪಡೆದು ಹೋಗುವ ನಮ್ಮವರಿಗೆ ಬಹುಮಟ್ಟಿಗೆ ಈ ಒಪ್ಪಿಗೆ ಪಡೆದ ಶಾಲೆಯೇ ಗತಿ.

ಇನ್ನು ಜಮಾ ವಿಚಾರ. ಒಪ್ಪಿಗೆ ಪಡೆದ ಒಂದು ಶಾಲೆಯಿಂದ ಅಂಥದೇ ಇನ್ನೊಂದು ಶಾಲೆಗೆ ಹೋದರೆ, ಹೊಸ ಪಾಠಕ್ರಮದ ಹಾರಾಟದಲ್ಲಿ ಹೆಚ್ಚೆಂದರೆ ಶೇಕಡಾ 50ರಷ್ಟು ಜಮಾ ಸಿಗಬಹುದು. ಬೇರೆ ಕಡೆ ಕಲಿತು ಬಂದವರಿಗೆ, ಅಂದರೆ ಸ್ವತಂತ್ರ ಬೋಧಕರ ಬಳಿ ಹಾರಿದವರಿಗೆ, ಹೆಚ್ಚೆಂದರೆ ಶೇಕಡಾ 25. ತರಗತಿಯ ಪಾಠಗಳಿಗೂ ಇವೇ ಪ್ರಮಾಣಗಳು. ಅದೂ ತಾನಾಗಿ ಸಿಗತಕ್ಕದ್ದಲ್ಲ. ಸೇರಿಸಿಕೊಳ್ಳುವ ಶಾಲೆ ತಾನೇ ಪರೀಕ್ಷೆ ಮಾಡಿ, ವಿದ್ಯೆ ನಿಂತಿದೆಯೇ ಎಂದು ನೋಡಿ, ಆ ಮಿತಿಯೊಳಗೆ ಕೊಡುತ್ತದೆ. ಕಡಿಮೆ ಕೊಟ್ಟರೂ ಕೇಳುವಂತಿಲ್ಲ.

ಇಲ್ಲಿ ಎಡವುವವರು ಬಹಳ. ಶೇಕಡಾ 25 ಎಂದರೆ ನೀವು ಹಾರಿದ ಗಂಟೆಗಳಲ್ಲಿ ಕಾಲು ಪಾಲಲ್ಲ, ಹೊಸ ಪಾಠಕ್ರಮ ಕೇಳುವ ಗಂಟೆಗಳಲ್ಲಿ ಕಾಲು ಪಾಲು. ಒಬ್ಬನು ಬೋಧಕರ ಬಳಿ 30 ಗಂಟೆ ಹಾರಿ, ಖಾಸಗಿ ಲೈಸೆನ್ಸು ಆಗುವ ಮೊದಲೇ 35 ಗಂಟೆಯ ಪಾಠಕ್ರಮಕ್ಕೆ ಸೇರಿದನೆನ್ನಿ. ಅವನಿಗೆ ಸಿಗಬಹುದಾದ ಗರಿಷ್ಠ ಜಮಾ 8 ಮುಕ್ಕಾಲು ಗಂಟೆ. ಉಳಿದ 26 ಕಾಲು ಗಂಟೆ ಪುನಃ ಹಾರಬೇಕು. ಹಳೆಯ ದಾರಿಯಲ್ಲಿಯೇ ನಿಂತಿದ್ದರೆ ಕನಿಷ್ಠ ಲೆಕ್ಕಕ್ಕೆ ಇನ್ನು 10 ಗಂಟೆ ಸಾಕಿತ್ತು! ಐದು ಗಂಟೆ ಉಳಿಸಹೋಗಿ ಹದಿನಾರು ಗಂಟೆ ಹೆಚ್ಚಿಗೆ ತೆತ್ತಂತಾಯಿತು. ಆದ್ದರಿಂದ ದಾಟುವುದಿದ್ದರೆ ಒಂದು ಲೈಸೆನ್ಸು ಕೈಗೆ ಬಂದ ಮೇಲೆ ದಾಟುವುದು ಮೇಲೆಂದು ನನ್ನ ಎಣಿಕೆ. ಖಾಸಗಿ ಲೈಸೆನ್ಸು ಇದ್ದವನು ಉಪಕರಣ ಹಾರಾಟದ ಪಾಠಕ್ಕೆ ನೇರವಾಗಿ ಸೇರಬಹುದು. ಆ ಲೈಸೆನ್ಸು ಯಾವ ದಾರಿಯಿಂದ ಬಂತೆಂದು ಕೇಳುವುದಿಲ್ಲ.

ಹಾಗಾದರೆ ಜಮಾ ಆಗದ ಗಂಟೆಗಳು ನಷ್ಟವೇ? ಅಲ್ಲ. ಹಾರಾಟದ ಸ್ವಂತ ಪುಸ್ತಕ, ಅಂದರೆ ಲಾಗ್‌ಬುಕ್ಕಿನಲ್ಲಿ ಅವು ಇದ್ದೇ ಇರುತ್ತವೆ. ಶಾಲೆಯ ಲೆಕ್ಕ ಬೇರೆ, ಚಾಲಕನ ಒಟ್ಟು ಲೆಕ್ಕ ಬೇರೆ. ಹಿಂದಿರುಗಿ ಬರುವವರು ಇದನ್ನು ಮರೆಯಬಾರದು. ನಮ್ಮ ದೇಶದಲ್ಲಿ ವಾಣಿಜ್ಯ ಲೈಸೆನ್ಸಿಗೆ 200 ಗಂಟೆ ಬೇಕು; ಅಲ್ಲಿನ 190ರ ಕನಿಷ್ಠದಲ್ಲಿ ಮುಗಿಸಿದವರಿಗೆ ಹಳೆಯ ಗಂಟೆಗಳು ಆಗ ಕೈಹಿಡಿಯುತ್ತವೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕಾಗದ. ಯಾವ ತರಬೇತಿ, ಎಷ್ಟು, ಘಟ್ಟದ ಪರೀಕ್ಷೆಗಳು ನಡೆದಿದ್ದರೆ ಅವುಗಳ ಫಲಿತಾಂಶವೇನು ಎಂಬುದನ್ನು ಹಿಂದಿನ ಶಾಲೆಯವರು ವಿದ್ಯಾರ್ಥಿಯ ದಾಖಲೆಯಲ್ಲಿ ದೃಢೀಕರಿಸಿರಬೇಕು. ಒಪ್ಪಿಗೆ ಪಡೆದ ಶಾಲೆ ಈ ದಾಖಲೆಯನ್ನು ವಿದ್ಯಾರ್ಥಿ ಬಿಟ್ಟ ಮೇಲೆ ಕನಿಷ್ಠ ಒಂದು ವರ್ಷ ಇಟ್ಟಿರಬೇಕು, ಕೇಳಿದರೆ ಪ್ರತಿ ಕೊಡಬೇಕು. ಒಂದು ವರ್ಷವೆಂದರೆ ಬಹಳವಲ್ಲ. ಹತ್ತು ವರ್ಷ ದುಡಿದು ಸೇವಾ ಪತ್ರವಿಲ್ಲದೆ ಬೇರೆ ಗಿರಣಿಯ ಬಾಗಿಲಿಗೆ ಹೋದ ನೇಕಾರನನ್ನು ಹೊಸಬನೆಂದೇ ಬರೆದುಕೊಳ್ಳುತ್ತಾರೆ, ಇಲ್ಲಿಯೂ ಅಷ್ಟೇ. ಶಾಲೆ ಬಿಡುವ ದಿನವೇ, ಬಾಕಿ ತೀರಿಸಿದ ರಶೀತಿಯ ಜೊತೆಗೆ ಈ ಪ್ರತಿಯನ್ನೂ ಸಹಿ ಹಾಕಿಸಿ ತರಬೇಕು.

ವೀಸಾದ ಒಂದು ತೊಡಕೂ ಉಂಟು. ವೃತ್ತಿ ಶಿಕ್ಷಣದ ಎಂ-1 ವೀಸಾದಲ್ಲಿ ಹೋದವರು, ತಮ್ಮ ಕೈಮೀರಿದ ಕಾರಣವಿಲ್ಲದೆ, ಆರು ತಿಂಗಳ ಬಳಿಕ ಶಾಲೆ ಬದಲಾಯಿಸುವಂತಿಲ್ಲ. ಬದಲಾವಣೆಯ ಯೋಚನೆಯಿದ್ದರೆ ಆ ಅವಧಿಯೊಳಗೆ ಹೊಸ ಶಾಲೆಗೆ ಬರೆದು, ಎಷ್ಟು ಗಂಟೆ ಜಮಾ ಕೊಡುತ್ತೀರಿ, ಪರೀಕ್ಷೆಯ ಹಾರಾಟದ ಖರ್ಚು ಯಾರದು ಎಂದು ಕೇಳಿ, ಬರವಣಿಗೆಯಲ್ಲಿ ಉತ್ತರ ಬಂದ ಮೇಲೆಯೇ ಹಣ ಕಳುಹಿಸಬೇಕು.