ಮದ್ದು ಕೊಡುವ ಮುನ್ನ ಓದಿ, ಕೇಳಿ, ಬರೆದಿಡಿ

ಮುಂಬಯಿಯ ಪವಾಯಿ, ಚಾಂದಿವಲಿ, ಸಾಕಿ ವಿಹಾರ್ ರಸ್ತೆಯ ಆಸುಪಾಸಿನ ಕನ್ನಡಿಗರಿಂದ ಈ ಸಲ ಬಂದ ಪ್ರಶ್ನೆಗಳೆಲ್ಲ ಔಷಧಿ ಕೊಡುವ ಕೆಲಸದ ಬಗ್ಗೆಯೇ ಇವೆ. ಕ್ಲಿನಿಕ್ಕಿನ ಅಸಿಸ್ಟೆಂಟ್, ಬ್ಯೂರೋದಿಂದ ಬರುವ ಆಯಾ, ಮನೆಯ ಮಗಳು ಅಥವಾ ಸೊಸೆ: ಡಾಕ್ಟರು ಬರೆದ ಮದ್ದು ರೋಗಿಯನ್ನು ತಲಪುವುದು ಇವರ ಕೈಯಿಂದ. ಚೀಟಿ ಬರೆದವರೋ ಮೆಡಿಕಲ್ ಅಂಗಡಿಯವರೋ ತಪ್ಪಿದ್ದರೆ ಅದನ್ನು ಹಿಡಿಯುವ ಕೊನೆಯ ಅವಕಾಶವೂ ಇವರದೇ. ಸಂಶಯ ಬಂದಾಗ ನಿಲ್ಲಿಸಿ ಕೇಳುವುದು ಇವರ ಹಕ್ಕು, ಕರ್ತವ್ಯ ಎರಡೂ ಹೌದು.

ಪ್ರಶ್ನೆ: ನಾನು ಕುಂದಾಪುರ ಕಡೆಯವಳು. ಪಿಯುಸಿ ಮುಗಿಸಿ ಚಾಂದಿವಲಿಯ ಕ್ಲಿನಿಕ್ಕೊಂದರಲ್ಲಿ ಅಸಿಸ್ಟೆಂಟ್ ಆಗಿ ಸೇರಿದ್ದೇನೆ. ಸಂಜೆ ತುಂಬಾ ರಶ್ ಇರುತ್ತದೆ. ಮದ್ದು ಕೊಡುವಾಗ ಏನೇನು ನೋಡಿಕೊಳ್ಳಬೇಕು? ಡಾಕ್ಟರನ್ನು ಪದೇ ಪದೇ ಕೇಳಲು ಹೆದರಿಕೆ.

ಉತ್ತರ: ಐದು ವಿಷಯ ಸರಿಯಾಗಿರಬೇಕು: ರೋಗಿ, ಔಷಧಿ, ಪ್ರಮಾಣ, ಕೊಡುವ ದಾರಿ, ಹೊತ್ತು. ಎಲ್ಲಕ್ಕಿಂತ ಮೊದಲು ರೋಗಿ. ನಮ್ಮ ಕಡೆಯವರು ಹೆಚ್ಚಿರುವ ಕ್ಲಿನಿಕ್ಕಿನಲ್ಲಿ "ಶೆಟ್ರೇ ಬನ್ನಿ" ಎಂದರೆ ಮೂವರು ಎದ್ದು ನಿಲ್ಲಬಹುದು. ಕಿವಿ ಮಂದವಿರುವ ಹಿರಿಯರು ಯಾವ ಹೆಸರು ಕರೆದರೂ ಹೂಂಗುಟ್ಟುತ್ತಾರೆ. ಅದಕ್ಕೇ ನೀವು ಹೆಸರು ಹೇಳಬೇಡಿ, ಅವರಿಂದ ಹೇಳಿಸಿ. ಪೂರ್ತಿ ಹೆಸರು, ವಯಸ್ಸು, ಯಾವುದಾದರೂ ಮದ್ದು ಮೈಗೆ ಆಗುವುದಿಲ್ಲವೇ ಎಂಬ ಮೂರು ಮಾತು ಪ್ರತಿಸಲವೂ ಕೇಳಿ.

ಲೇಬಲ್ಲನ್ನು ಮೂರು ಸಲ ಓದಿ: ಕಪಾಟಿನಿಂದ ತೆಗೆಯುವಾಗ, ಪ್ರಮಾಣ ಅಳೆಯುವಾಗ, ವಾಪಸ್ ಇಡುವಾಗ. ಕಂಪೆನಿ ಇಟ್ಟ ಹೆಸರುಗಳಲ್ಲಿ ಒಂದಕ್ಕೊಂದು ಹೋಲುವವು ಬಹಳ. ಆದ್ದರಿಂದ ಔಷಧಿಯ ಮೂಲ ಹೆಸರನ್ನೂ ಎಷ್ಟು ಮಿಲಿಗ್ರಾಂ ಎಂಬುದನ್ನೂ ಸೇರಿಸಿಯೇ ಓದಿ. ಎಕ್ಸ್‌ಪೈರಿ ದಿನಾಂಕ ನೋಡಿ. ಓಡಿ ಎಂದರೆ ದಿನಕ್ಕೊಮ್ಮೆ, ಬಿಡಿ ಎಂದರೆ ಎರಡು ಸಲ, ಟಿಡಿಎಸ್ ಎಂದರೆ ಮೂರು ಸಲ, ಎಚ್‌ಎಸ್ ಎಂದರೆ ಮಲಗುವಾಗ, ಎಸ್‌ಒಎಸ್ ಎಂದರೆ ಅಗತ್ಯ ಬಿದ್ದಾಗ ಮಾತ್ರ. ಅಕ್ಷರ ಗೊತ್ತಾಗದಿದ್ದರೆ ಊಹಿಸಬೇಡಿ. ಡಾಕ್ಟರು ಬಾಯಲ್ಲಿ ಹೇಳಿದ್ದನ್ನು ಬರೆದುಕೊಂಡು ಅವರಿಗೇ ಓದಿ ಹೇಳಿ. ಬೇರೆಯವರು ತುಂಬಿಸಿಟ್ಟ ಸಿರಿಂಜನ್ನು ಮುಟ್ಟಬೇಡಿ. ಕೊಟ್ಟ ಕೂಡಲೇ ರಿಜಿಸ್ಟರಿನಲ್ಲಿ ಬರೆಯಿರಿ, ಕೊಡುವ ಮೊದಲು ಬರೆದಿಡಬೇಡಿ.

ಇನ್ನೊಂದು ಮಾತು. ಇಂಜೆಕ್ಷನ್ ಕೊಡುವುದು, ಸಲೈನಿಗೆ ಮದ್ದು ಸೇರಿಸುವುದು ಡಾಕ್ಟರ ಅಥವಾ ನೋಂದಾಯಿತ ನರ್ಸಿನ ಕೆಲಸ. "ಸುಮ್ಮನೆ ಚುಚ್ಚು" ಎಂದು ಯಾರಾದರೂ ಹೇಳಿದರೆ "ನನಗೆ ತರಬೇತಿ ಆಗಿಲ್ಲ" ಎಂದು ಧೈರ್ಯವಾಗಿ ಹೇಳಿ. ನಿಮ್ಮ ಪ್ರಶ್ನೆಗೆ ಅರ್ಧ ನಿಮಿಷ ಕೊಡಲಾಗದಷ್ಟು ಪುರುಸೊತ್ತಿಲ್ಲದ ಡಾಕ್ಟರು ಇರಬಾರದು.

ಪ್ರಶ್ನೆ: ನಮ್ಮ ಮಾವನವರಿಗೆ 74 ವರ್ಷ, ಎರಡು ಹೊತ್ತು 20 ಯೂನಿಟ್ ಇನ್ಸುಲಿನ್. ನೋಡಿಕೊಳ್ಳುವ ನರ್ಸ್ ಬದಲಾದ ಮೇಲೆ ಶುಗರ್ ಒಂದೇ ಸಮನೆ ಏರುತ್ತಿದೆ. ಬಾಟಲಿ ಮೊದಲಿನದೇ. (ಗೃಹಿಣಿ, ಪವಾಯಿ)

ಉತ್ತರ: ಮೊದಲು ಸಿರಿಂಜಿನ ಮುಚ್ಚಳದ ಬಣ್ಣ ನೋಡಿ. ನಮ್ಮ ದೇಶದಲ್ಲಿ ಇನ್ಸುಲಿನ್ ಮುಖ್ಯವಾಗಿ ಎರಡು ಸಾಂದ್ರತೆಯಲ್ಲಿ ಸಿಗುತ್ತದೆ. ಬಾಟಲಿಯಲ್ಲಿ ಬರುವುದು ಹೆಚ್ಚಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್. ಪೆನ್ನಿನ ಕಾರ್ಟ್ರಿಜ್‌ನಲ್ಲಿರುವುದು 100 ಯೂನಿಟ್. ಕೆಲವು ಬಾಟಲಿಗಳೂ 100ರದ್ದೇ ಇರುತ್ತವೆ. 40ರ ಇನ್ಸುಲಿನ್ನಿಗೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ ಮುಚ್ಚಳದ್ದು.

40ರ ಬಾಟಲಿಯಿಂದ ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಒಳಗೆ ಬರುವುದು 0.2 ಮಿಲಿಲೀಟರ್, ಅಂದರೆ ಬರೀ 8 ಯೂನಿಟ್. ಶುಗರ್ ಏರಲು ಇದೂ ಕಾರಣವಿರಬಹುದು. ಇದರ ತಿರುಗುಮುರುಗು ಇನ್ನೂ ಅಪಾಯ: 100ರ ಇನ್ಸುಲಿನ್ನನ್ನು ಕೆಂಪು ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ 50 ಯೂನಿಟ್ ಮೈಗೆ ಸೇರುತ್ತದೆ. ಅದು ಜೀವಕ್ಕೇ ಕುತ್ತು. ಪೆನ್ನಿನ ಕಾರ್ಟ್ರಿಜ್‌ನಿಂದ ಸಿರಿಂಜಿಗೆ ಎಂದೂ ಎಳೆಯಬೇಡಿ. ಚೀಟಿಯಲ್ಲಿ "ಯೂನಿಟ್" ಎಂದು ಪೂರ್ತಿ ಬರೆಸಿ. ಇಂಗ್ಲಿಷಿನ "ಯು" ಅಕ್ಷರವನ್ನು ಸೊನ್ನೆ ಎಂದು ಓದಿ 10 ಯೂನಿಟ್ 100 ಆಗಬಹುದು.

ಬಳಸದ ಬಾಟಲಿ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಲಿ. ಫ್ರೀಜರಿನಲ್ಲಿ ಬೇಡ, ಹೆಪ್ಪುಗಟ್ಟಿದ್ದನ್ನು ಎಸೆಯಿರಿ. ಮೋಡದಂತೆ ಮಸುಕಾಗಿರುವ ಬಗೆಯದ್ದಾದರೆ ಕುಲುಕದೆ ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿ. ಬೆವರು, ನಡುಕ, ಗಲಿಬಿಲಿ ಕಂಡರೆ ಶುಗರ್ ಇಳಿದಿರಬಹುದು. ಎಚ್ಚರವಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ಮಗುವಿಗೆ ಒಂದೂವರೆ ವರ್ಷ, ತೂಕ 10 ಕಿಲೋ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಿರಪ್ 5 ಎಂಎಲ್ ಹೇಳಿದ್ದರು. ಮನೆಯಲ್ಲಿ ಅದೇ ಹೆಸರಿನ ಡ್ರಾಪ್ಸ್ ಇದೆ. ಅದನ್ನೇ 5 ಎಂಎಲ್ ಕೊಡಬಹುದೇ?

ಉತ್ತರ: ಖಂಡಿತ ಬೇಡ. ಡ್ರಾಪ್ಸ್ ಹೆಚ್ಚಾಗಿ ಒಂದು ಮಿಲಿಲೀಟರಿಗೆ 100 ಮಿಲಿಗ್ರಾಂ ಇರುತ್ತದೆ. 5 ಮಿಲಿಲೀಟರ್ ಕೊಟ್ಟರೆ 500 ಮಿಲಿಗ್ರಾಂ, ದೊಡ್ಡವರ ಒಂದು ಮಾತ್ರೆಯಷ್ಟು. ಸಿರಪ್‌ನಲ್ಲೂ 5 ಮಿಲಿಲೀಟರಿಗೆ 120, 125, 250 ಮಿಲಿಗ್ರಾಂ ಎಂಬ ಬಗೆಗಳಿವೆ. ಮಕ್ಕಳಿಗೆ ಒಂದು ಸಲಕ್ಕೆ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ ಲೆಕ್ಕ. ನಿಮ್ಮ ಮಗುವಿಗೆ 100ರಿಂದ 150 ಮಿಲಿಗ್ರಾಂ, ಎಂದರೆ ಆ ಡ್ರಾಪ್ಸ್‌ನಲ್ಲಿ 1ರಿಂದ 1.5 ಮಿಲಿಲೀಟರ್. ಎರಡು ಸಲದ ನಡುವೆ ನಾಲ್ಕರಿಂದ ಆರು ಗಂಟೆ ಅಂತರವಿರಲಿ, 24 ಗಂಟೆಯಲ್ಲಿ ನಾಲ್ಕು ಸಲ ಮೀರಬೇಡಿ. ನೆಗಡಿಯ ಕೆಲವು ಸಿರಪ್‌ಗಳಲ್ಲೂ ಪ್ಯಾರಾಸಿಟಮಾಲ್ ಸೇರಿರುತ್ತದೆ, ಲೇಬಲ್ ಓದಿ. ಡಾಕ್ಟರು "ಎಷ್ಟು ಎಂಎಲ್" ಎಂದಾಗ "ಯಾವ ಬಾಟಲಿಯದು?" ಎಂದು ಕೇಳಿ. ಅಡುಗೆಮನೆಯ ಚಮಚ ಬಿಟ್ಟು ಬಾಟಲಿಯ ಜೊತೆ ಬಂದ ಅಳತೆಯನ್ನೇ ಬಳಸಿ.

ಪ್ರಶ್ನೆ: ಅಮ್ಮನಿಗೆ ನುಂಗಲು ಕಷ್ಟ. ಆಯಾ ಎಲ್ಲ ಮಾತ್ರೆಗಳನ್ನು ಒಟ್ಟಿಗೆ ಪುಡಿ ಮಾಡಿ ಕೊಡುತ್ತಾಳೆ. ಸಂಧಿವಾತದ ಮಾತ್ರೆಯೂ ಅದರಲ್ಲಿದೆ. ತೊಂದರೆಯೇ?

ಉತ್ತರ: ಹೌದು. ಸ್ಟ್ರಿಪ್ ಮೇಲೆ ಎಸ್‌ಆರ್, ಇಆರ್, ಎಕ್ಸ್‌ಆರ್, ಸಿಆರ್ ಎಂದಿದ್ದರೆ ಅದು ದಿನವಿಡೀ ಸ್ವಲ್ಪ ಸ್ವಲ್ಪವೇ ಕರಗುವ ಮಾತ್ರೆ. ಪುಡಿ ಮಾಡಿದರೆ ಇಡೀ ದಿನದ ಮದ್ದು ಒಮ್ಮೆಲೇ ಮೈಗೆ ಸೇರುತ್ತದೆ. ಹೊಟ್ಟೆಯ ಆಮ್ಲ ತಾಗದಂತೆ ಲೇಪನ ಮಾಡಿದ ಮಾತ್ರೆಗಳನ್ನೂ ಪುಡಿ ಮಾಡಬಾರದು. ಬದಲಿಗೆ ಸಿರಪ್ ಅಥವಾ ಬೇರೆ ಮಾತ್ರೆ ಬರೆದುಕೊಡಲು ಡಾಕ್ಟರಿಗೆ ಹೇಳಿ.

ಸಂಧಿವಾತದ್ದು ಮೆಥೊಟ್ರೆಕ್ಸೇಟ್ ಆಗಿದ್ದರೆ ಇವತ್ತೇ ನೋಡಿ. ಸಂಧಿವಾತಕ್ಕೆ ಅದು ವಾರಕ್ಕೆ ಒಂದೇ ದಿನ. ಪ್ರತಿದಿನ ಕೊಟ್ಟು ಪ್ರಾಣ ಹೋದ ಪ್ರಕರಣಗಳು ಜಗತ್ತಿನ ಹಲವೆಡೆ ನಡೆದಿವೆ. ಬಾಯಿಹುಣ್ಣು, ಜ್ವರ, ರಕ್ತಸ್ರಾವ ಕಂಡರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಈ ಮಾತ್ರೆಯನ್ನು ಪುಡಿ ಮಾಡಬಾರದು, ಗರ್ಭಿಣಿಯರು ಮುಟ್ಟಲೂಬಾರದು. ಆಯಾ ಓದಬಲ್ಲ ಭಾಷೆಯಲ್ಲಿ, ಮರಾಠಿಯೋ ಹಿಂದಿಯೋ, "ಸೋಮವಾರ ಮಾತ್ರ" ಎಂಬಂತೆ ವಾರದ ಹೆಸರು ದೊಡ್ಡದಾಗಿ ಬರೆದು, ಆ ಸ್ಟ್ರಿಪ್ಪನ್ನು ಬೇರೆ ಡಬ್ಬಿಯಲ್ಲಿಡಿ.

ಪ್ರಶ್ನೆ: ಪವಾಯಿಯ ಮನೆಯೊಂದರಲ್ಲಿ ಹಿರಿಯರನ್ನು ನೋಡಿಕೊಳ್ಳುತ್ತೇನೆ. ಒಮ್ಮೆ ಬಿಪಿ ಮಾತ್ರೆ ಎರಡು ಸಲ ಕೊಟ್ಟೆ. ಹೇಳಿದರೆ ಕೆಲಸ ಹೋಗುತ್ತದೆಂದು ಸುಮ್ಮನಿದ್ದೆ.

ಉತ್ತರ: ಇನ್ನೊಮ್ಮೆ ಹಾಗಾದರೆ ಸುಮ್ಮನಿರಬೇಡಿ. ಹೆಚ್ಚು ಪ್ರಮಾಣ ಹೋಗಿದ್ದು ಕೂಡಲೇ ಗೊತ್ತಾದರೆ ಬಿಪಿ ನೋಡಿ, ಮಲಗಿಸಿ, ಡಾಕ್ಟರನ್ನು ಕೇಳಿ ಹೆಚ್ಚಿನ ಅಪಾಯಗಳನ್ನು ತಪ್ಪಿಸಬಹುದು. ಸ್ಟ್ರಿಪ್ ಎಸೆಯಬೇಡಿ, ಹೊತ್ತು ಬರೆದಿಡಿ. ಮರೆತ ಮಾತ್ರೆ ಸರಿದೂಗಿಸಲು ಎರಡು ಒಟ್ಟಿಗೆ ಕೊಡಬೇಡಿ. ಯಾವುದೇ ಮದ್ದಾದ ಮೇಲೆ ಮೈಯೆಲ್ಲ ದದ್ದು, ತುಟಿ ಊತ, ಉಸಿರಾಟದ ಕಷ್ಟ ಕಂಡರೆ ಅದು ತುರ್ತು ಸ್ಥಿತಿ, ಕಾಯಬೇಡಿ.

ಔಷಧಿಯಿಂದಾದ ತೊಂದರೆಯನ್ನು ರೋಗಿಗಳೂ ಮನೆಯವರೂ ಸರ್ಕಾರಕ್ಕೆ ತಿಳಿಸಬಹುದು. 2010ರಲ್ಲಿ ಶುರುವಾದ ಭಾರತೀಯ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧಿ ತಪ್ಪುಗಳ ವಿರುದ್ಧ ಜಾಗತಿಕ ಅಭಿಯಾನ ಆರಂಭಿಸಿತು. ಒಬ್ಬರನ್ನು ದೂರಿ ಕೈತೊಳೆದುಕೊಳ್ಳುವುದಕ್ಕಿಂತ ತಪ್ಪಾಗದ ವ್ಯವಸ್ಥೆ ಮಾಡಿ ಎಂಬುದು ಇಂಥ ಪ್ರಯತ್ನಗಳ ತಿರುಳು.

ಆ ವ್ಯವಸ್ಥೆ ಮಾಡಬೇಕಾದವರು ಮನೆಯ ಯಜಮಾನರು. ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ: ಮದ್ದಿನ ಹೆಸರು, ಪ್ರಮಾಣ, ಹೊತ್ತು, ಕೊಟ್ಟವರ ಸಹಿ, ಡಾಕ್ಟರ ಫೋನ್ ನಂಬರ್. ಹಗಲಿನ ಆಯಾ ರಾತ್ರಿಯವಳಿಗೆ ಆ ಹಾಳೆ ತೋರಿಸಿಯೇ ಹೊರಡಲಿ. "ತಪ್ಪಾಯಿತು" ಎಂದು ಬಂದು ಹೇಳಿದವಳನ್ನು ಕೆಲಸದಿಂದ ತೆಗೆಯಬೇಡಿ. ಮುಂದಿನ ಸಲವೂ ಅವಳು ಬಂದು ಹೇಳಬೇಕಾದದ್ದು ನಿಮಗೇ.